ರೋಗಿಯ ದಾಖಲೆಪತ್ರವನ್ನು ಓದುವ ಬಗೆ

ನಮ್ಮ ಜನರು ಜಮೀನಿನ ಪಹಣಿಯನ್ನೂ ಮನೆಯ ತೆರಿಗೆ ರಶೀದಿಯನ್ನೂ ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡುತ್ತಾರೆ. ಆದರೆ ತಮ್ಮ ದೇಹದ ವೃತ್ತಾಂತವನ್ನು ಬರೆದಿರುವ ಆಸ್ಪತ್ರೆಯ ಚೀಟಿಯನ್ನು ಮಾತ್ರ ಗುಳಿಗೆ ಮುಗಿದೊಡನೆ ಎಸೆದುಬಿಡುತ್ತಾರೆ. ಕಳೆದುಹೋದ ಪಹಣಿಗೆ ನಕಲು ದೊರೆಯುತ್ತದೆ. ಕಳೆದುಹೋದ ರೋಗವೃತ್ತಾಂತಕ್ಕೆ ಎಷ್ಟೋ ವೇಳೆ ನಕಲಿಲ್ಲ. ಆದುದರಿಂದ ರೋಗಿಯ ದಾಖಲೆಪತ್ರದಲ್ಲಿ ಬರುವ ಮೂಲಭೂತ ವೈದ್ಯಕೀಯ ಪದಗಳ ಅರ್ಥವನ್ನು ವಿದ್ಯಾರ್ಥಿಗಳಿಗೆ ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಸ್ವಂತ ಕಾರಣವೂ ಉಂಟು. ನನ್ನ ಹುಟ್ಟೂರು ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆಗೆ ಸಮೀಪದ ಶಿರ್ತಾಡಿ. ಮಧುಮೇಹವಿದ್ದ ನನ್ನ ತಾಯಿಯವರು ಒಮ್ಮೆ ಆಸ್ಪತ್ರೆಯಿಂದ ಮನೆಗೆ ಬಂದ ಕೆಲವೇ ದಿನಗಳಲ್ಲಿ, ಒಂದು ಮುಂಜಾನೆ ಮೈಯೆಲ್ಲ ಬೆವತು ಪ್ರಜ್ಞೆ ತಪ್ಪಿದರು. ಅವರು ಯಾವ ಔಷಧ ತೆಗೆದುಕೊಳ್ಳುತ್ತಿದ್ದಾರೆಂದು ವೈದ್ಯರು ಕೇಳಿದಾಗ, "ಬಿಳಿಯ ಸಣ್ಣ ಗುಳಿಗೆ" ಎಂಬುದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿರಲಿಲ್ಲ. ರಕ್ತದ ಸಕ್ಕರೆ ಅಪಾಯಕರವಾಗಿ ಇಳಿದಿತ್ತು. ರಕ್ತನಾಳದ ಮೂಲಕ ಗ್ಲೂಕೋಸ್ ಕೊಟ್ಟ ಮೇಲೆ ಅವರು ಕಣ್ಣು ತೆರೆದರು. ಬಳಿಕ ಚೀಟಿಗಳನ್ನು ಹರಡಿ ನೋಡಿದಾಗ ನಿಜ ತಿಳಿಯಿತು. ಹಳೆಯ ಗುಳಿಗೆಯ ಬದಲಿಗೆ ಅದೇ ಔಷಧವನ್ನು ಬೇರೊಂದು ವ್ಯಾಪಾರನಾಮದಲ್ಲಿ ಬರೆದುಕೊಟ್ಟಿದ್ದರು. ತಾಯಿಯವರು ಎರಡನ್ನೂ ನುಂಗುತ್ತಿದ್ದರು. ಹಳೆಯದನ್ನು ನಿಲ್ಲಿಸಬೇಕೆಂಬ ಮಾತು ಬಿಡುಗಡೆ ಪತ್ರದಲ್ಲಿ ಸ್ಪಷ್ಟವಾಗಿಯೇ ಇತ್ತು. ಮನೆಯಲ್ಲಿ ಓದಬಲ್ಲವನು ನಾನೊಬ್ಬನೇ, ಓದದೆ ಮಡಚಿಟ್ಟವನೂ ನಾನೇ.

ಮೂರು ಭಾಷೆಗಳ ಹಾದಿ

ನಮ್ಮ ಊರಿನಲ್ಲಿ ನೋವು ಹುಟ್ಟುವುದು ತುಳುವಿನಲ್ಲಿ. ತಲೆನೋವು 'ತರೆಬೇನೆ', ಹೊಟ್ಟೆನೋವು 'ಬಂಜಿಬೇನೆ', ಕೆಮ್ಮು 'ಸೆಮ್ಮ'. ರೋಗಿಯು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಾನೆ. ವೈದ್ಯರು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಆ ಇಂಗ್ಲಿಷ್ ಪದದ ಬೇರಾದರೋ ಗ್ರೀಕ್ ಅಥವಾ ಲ್ಯಾಟಿನ್ ಭಾಷೆಯದು. ಈ ದೀರ್ಘ ಹಾದಿಯಲ್ಲಿ ಅರ್ಥವು ಎಡವುವುದು ಸುಲಭ. ತುಳುವಿನಲ್ಲಿ 'ಬಂಜಿ' ಎಂದರೆ ಹೊಟ್ಟೆ, 'ಬಂಜಿನಾಲ್' ಎಂದರೆ ಗರ್ಭಿಣಿ. ಘಟ್ಟದ ಮೇಲಿನಿಂದ ಬಂದವರು ಅದನ್ನು ಕೇಳಿ 'ಬಂಜೆ' ಎಂದು ಭಾವಿಸಿದರೆ ಅರ್ಥವು ಸಂಪೂರ್ಣ ತಿರುವುಮುರುವಾಗುತ್ತದೆ.

ಕನ್ನಡಕ್ಕೆ ವೈದ್ಯಕೀಯ ವಿಷಯವನ್ನು ಹೇಳುವ ಶಕ್ತಿಯಿಲ್ಲವೆಂದು ಇದರ ಅರ್ಥವಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು 'ಕರ್ಣಾಟಕ ಕಲ್ಯಾಣಕಾರಕ'ವನ್ನೂ ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತ 'ಖಗೇಂದ್ರಮಣಿದರ್ಪಣ'ವನ್ನೂ ಕನ್ನಡದಲ್ಲಿಯೇ ರಚಿಸಿದರು. ಆದರೆ ಇಂದಿನ ಆಸ್ಪತ್ರೆಯ ದಾಖಲೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದೆ. ಅದನ್ನು ಬಿಡಿಸಿ ಓದುವ ಬಗೆಯನ್ನು ನಾವು ಕಲಿಯಲೇಬೇಕು.

ಪದಗಳ ರಚನೆ

ವ್ಯಾಕರಣ ಪಾಠದಲ್ಲಿ ಸಮಾಸಪದವನ್ನು ಬಿಡಿಸಲು ಕಲಿತ ವಿದ್ಯಾರ್ಥಿಗೆ ವೈದ್ಯಕೀಯ ಪದ ಕಠಿಣವಾಗಲಾರದು. ಮಧ್ಯದಲ್ಲಿ ಅಂಗದ ಹೆಸರು, ಕೊನೆಯಲ್ಲಿ ಆ ಅಂಗಕ್ಕೆ ಏನಾಗಿದೆ ಎಂಬ ಸೂಚನೆ, ಕೆಲವೊಮ್ಮೆ ಆರಂಭದಲ್ಲಿ ಪ್ರಮಾಣವನ್ನು ಹೇಳುವ ಉಪಸರ್ಗ, ಇದು ಸಾಮಾನ್ಯ ಕ್ರಮ. 'ಐಟಿಸ್' ಎಂದು ಮುಗಿಯುವ ಪದವು ಉರಿಯೂತವನ್ನು ಸೂಚಿಸುತ್ತದೆ. 'ಗ್ಯಾಸ್ಟ್ರ' ಜಠರ, 'ಹೆಪಾಟ್' ಯಕೃತ್ತು, 'ನೆಫ್ರ' ಮೂತ್ರಪಿಂಡ, 'ಆರ್ಥ್ರ' ಕೀಲು ಎಂದು ತಿಳಿದರೆ, ಗ್ಯಾಸ್ಟ್ರೈಟಿಸ್, ಹೆಪಟೈಟಿಸ್, ನೆಫ್ರೈಟಿಸ್, ಆರ್ಥ್ರೈಟಿಸ್ ಎಂಬ ನಾಲ್ಕು ಪದಗಳು ಒಮ್ಮೆಲೇ ಕೈವಶವಾಗುತ್ತವೆ. 'ಆಲ್ಜಿಯ' ಎಂದರೆ ನೋವು, 'ಈಮಿಯ' ರಕ್ತದ ಸ್ಥಿತಿ, 'ಯೂರಿಯ' ಮೂತ್ರದ ಸ್ಥಿತಿ. 'ಎಕ್ಟಮಿ' ಎಂದರೆ ಕತ್ತರಿಸಿ ತೆಗೆಯುವುದು, 'ಆಟಮಿ' ಎಂದರೆ ಕೊಯ್ದು ತೆರೆಯುವುದು, 'ಆಸ್ಟಮಿ' ಎಂದರೆ ದ್ವಾರವೊಂದನ್ನು ನಿರ್ಮಿಸುವುದು.

ಉಪಸರ್ಗಗಳಲ್ಲಿ ಅತಿ ಎಚ್ಚರ ಬೇಕಾದದ್ದು 'ಹೈಪರ್' ಮತ್ತು 'ಹೈಪೋ' ಎಂಬ ಜೋಡಿ. ಮೊದಲನೆಯದು ಅಧಿಕ, ಎರಡನೆಯದು ನ್ಯೂನ. ಹೈಪರ್‌ಗ್ಲೈಸೀಮಿಯ ಎಂದರೆ ರಕ್ತದಲ್ಲಿ ಸಕ್ಕರೆ ಏರಿರುವುದು. ಹೈಪೋಗ್ಲೈಸೀಮಿಯ ಎಂದರೆ ಇಳಿದಿರುವುದು. ನನ್ನ ತಾಯಿಯವರಿಗೆ ಆದದ್ದು ಎರಡನೆಯದು. ಕಿವಿಗೆ ಇಷ್ಟು ಹತ್ತಿರವಾದ ಈ ಎರಡು ಸ್ಥಿತಿಗಳಿಗೆ ಚಿಕಿತ್ಸೆ ಪರಸ್ಪರ ವಿರುದ್ಧವಾದುದು. ಇದೇ ರೀತಿ 'ಟ್ಯಾಕಿ' ವೇಗವನ್ನೂ 'ಬ್ರ್ಯಾಡಿ' ಮಂದತೆಯನ್ನೂ ಹೇಳುತ್ತವೆ. ಟ್ಯಾಕಿಕಾರ್ಡಿಯ ಎಂದರೆ ಹೃದಯದ ಬಡಿತ ಹೆಚ್ಚಾಗಿರುವುದು.

ದಾಖಲೆಯ ನಾಲ್ಕು ಅಂಗಗಳು

ಅಮೆರಿಕದ ವೈದ್ಯ ಲಾರೆನ್ಸ್ ವೀಡ್ ಎಂಬವರು 1968ರಲ್ಲಿ ಪ್ರಕಟಿಸಿದ ಲೇಖನದಿಂದ, ರೋಗಿಯ ಸಮಸ್ಯೆಗಳನ್ನು ಕ್ರಮವಾಗಿ ಪಟ್ಟಿಮಾಡಿ ಬರೆಯುವ ವಿಧಾನವು ಪ್ರಸಿದ್ಧಿಗೆ ಬಂತು. ಅದರಂತೆ ದಾಖಲೆಗೆ ನಾಲ್ಕು ಅಂಗಗಳು: ರೋಗಿ ಹೇಳಿದ್ದು, ವೈದ್ಯರು ಕಂಡದ್ದು, ವೈದ್ಯರ ನಿರ್ಣಯ, ಮುಂದಿನ ಯೋಜನೆ.

ರೋಗಿಗೆ ಮಾತ್ರ ಅನುಭವವಾಗುವ ತಲೆಸುತ್ತು, ನೋವು, ವಾಕರಿಕೆ ಮುಂತಾದವು ಲಕ್ಷಣಗಳು. ವೈದ್ಯರು ಕಂಡು, ಮುಟ್ಟಿ, ಅಳೆದು ತಿಳಿಯುವ ಬಾವು, ರಕ್ತದೊತ್ತಡ, ಕಾಮಾಲೆಯ ಹಳದಿ ಬಣ್ಣ ಮುಂತಾದವು ಚಿಹ್ನೆಗಳು. ಇವೆರಡನ್ನೂ ಕೂಡಿಸಿ ಮಾಡುವ ತೀರ್ಮಾನವೇ ರೋಗನಿದಾನ. ಈ ಪದವನ್ನು ಅನೇಕರು 'ರೋಗನಿಧಾನ' ಎಂದು ಮಹಾಪ್ರಾಣ ಸೇರಿಸಿ ಬರೆಯುವುದುಂಟು. ನಿದಾನವೆಂದರೆ ಮೂಲಕಾರಣ. ರೋಗದ ವಿಷಯದಲ್ಲಿ ನಿದಾನ ಬೇಕು, ನಿಧಾನ ಸಲ್ಲದು.

ರೋಗಿ ಹೇಳುವ ಪೂರ್ವವೃತ್ತಾಂತ ಎಷ್ಟು ಮಹತ್ತ್ವದ್ದೆಂಬುದಕ್ಕೆ ನಮ್ಮ ನೆರೆಯ ಬೆಳ್ತಂಗಡಿಯೇ ನಿದರ್ಶನ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನಕಾಯಿಲೆಯು 1982-83ರ ವೇಳೆಗೆ ಬೆಳ್ತಂಗಡಿ ತಾಲೂಕಿನ ಕಾಡಂಚಿನ ಗ್ರಾಮಗಳಲ್ಲಿ ಕಾಣಿಸಿಕೊಂಡು ಬಹಳ ಜೀವಹಾನಿ ಮಾಡಿತು. ಅದು ಉಣುಗಿನ ಕಡಿತದಿಂದ ಹರಡುವ ರೋಗ. ಆರಂಭದಲ್ಲಿ ಇತರ ಜ್ವರಗಳಂತೆಯೇ ತೋರುತ್ತದೆ. "ಸೊಪ್ಪು ತರಲು ಕಾಡಿಗೆ ಹೋಗಿದ್ದೆ, ಅಲ್ಲಿ ಮಂಗ ಸತ್ತು ಬಿದ್ದಿತ್ತು" ಎಂಬ ಒಂದು ವಾಕ್ಯ ದಾಖಲೆಯಲ್ಲಿದ್ದರೆ ವೈದ್ಯರ ಆಲೋಚನೆ ಸರಿಯಾದ ದಿಕ್ಕಿಗೆ ತಿರುಗುತ್ತದೆ. ಆ ವಾಕ್ಯವನ್ನು ಹೇಳಬೇಕಾದವನು ರೋಗಿಯೇ.

ಸಂಕ್ಷೇಪಾಕ್ಷರಗಳು

ಔಷಧ ಚೀಟಿಯಲ್ಲಿ ಕಾಣುವ 'ಓಡಿ' ಎಂದರೆ ದಿನಕ್ಕೆ ಒಮ್ಮೆ, 'ಬಿಡಿ' ಎರಡು ಬಾರಿ, 'ಟಿಡಿಎಸ್' ಮೂರು ಬಾರಿ. 'ಎಚ್‌ಎಸ್' ಎಂದರೆ ಮಲಗುವಾಗ, 'ಎಸ್‌ಓಎಸ್' ಎಂದರೆ ಅಗತ್ಯ ಬಿದ್ದರೆ ಮಾತ್ರ, 'ಸ್ಟ್ಯಾಟ್' ಎಂದರೆ ತಕ್ಷಣ. 1-0-1 ಎಂದು ಬರೆದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಕನ್ನಡ ಬಲ್ಲವರು 'ಬಿಡಿ' ಎಂಬುದನ್ನು ಕೇಳಿ ಗುಳಿಗೆಯನ್ನೇ ಬಿಟ್ಟುಬಿಡಬಾರದು! ಕಣ್ಣಿನ ಚೀಟಿಯಲ್ಲಿ ಅದೇ 'ಓಡಿ' ಬಲಗಣ್ಣನ್ನು ಸೂಚಿಸುತ್ತದೆ. ಒಂದೇ ಸಂಕ್ಷೇಪಕ್ಕೆ ಸ್ಥಳಭೇದದಿಂದ ಅರ್ಥಭೇದ ಬರುವುದರಿಂದ, ಊಹಿಸುವುದಕ್ಕಿಂತ ಕೇಳುವುದೇ ಲೇಸು.

ದಾರಿ ತಪ್ಪಿಸುವ ಪದಗಳು

ಕೆಲವು ಪದಗಳು ಸುಲಭವೆಂಬಂತೆ ತೋರಿ ಮೋಸಗೊಳಿಸುತ್ತವೆ. 'ಪಾಸಿಟಿವ್' ಎಂದರೆ ಹುಡುಕಿದ ವಸ್ತು ಪರೀಕ್ಷೆಯಲ್ಲಿ ಕಂಡುಬಂದಿದೆ ಎಂದಷ್ಟೇ ಅರ್ಥ, ಅದು ಶುಭವಾರ್ತೆಯಾಗಬೇಕೆಂದಿಲ್ಲ. 'ಅಕ್ಯೂಟ್' ಎಂಬುದನ್ನು ನಾವು 'ತೀವ್ರ' ಎಂದು ಅನುವಾದಿಸುತ್ತೇವೆ. ಆದರೆ ದಾಖಲೆಯಲ್ಲಿ ಅದು ಹಠಾತ್ತಾಗಿ ಆರಂಭವಾದುದು ಎಂಬ ಕಾಲಸೂಚಕ ಪದ. 'ಕ್ರಾನಿಕ್' ಎಂದರೆ ಬಹುಕಾಲದಿಂದ ಇರುವುದು. ವಾಸಿಯಾಗದ್ದೆಂದು ಅದಕ್ಕೆ ಅರ್ಥವಿಲ್ಲ. ಗಡ್ಡೆಯ ವಿಷಯದಲ್ಲಿ 'ಬಿನೈನ್' ಎಂದರೆ ಕ್ಯಾನ್ಸರ್ ಅಲ್ಲದ್ದು, 'ಮ್ಯಾಲಿಗ್ನಂಟ್' ಎಂದರೆ ಕ್ಯಾನ್ಸರ್ ಸ್ವರೂಪದ್ದು.

ಅಂಕಿಗಳ ಅರ್ಥ

ದಾಖಲೆಯಲ್ಲಿ ಪದದಷ್ಟೇ ಮುಖ್ಯವಾದದ್ದು ಅಂಕಿ. ರಕ್ತದೊತ್ತಡ 120/80 ಎಂದಿದ್ದರೆ, ಮೇಲಿನದು ಹೃದಯ ಸಂಕುಚಿಸಿದಾಗಿನ ಒತ್ತಡ, ಕೆಳಗಿನದು ವಿಕಸಿಸಿದಾಗಿನದು. ಅಳತೆ ಪಾದರಸದ ಮಿಲಿಮೀಟರುಗಳಲ್ಲಿ. ಪ್ರಾಪ್ತವಯಸ್ಕರಲ್ಲಿ ವಿಶ್ರಾಂತಿಯ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20. ಬರಿಹೊಟ್ಟೆಯಲ್ಲಿ ನೋಡಿದ ರಕ್ತದ ಸಕ್ಕರೆ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚು ಬಂದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಇದ್ದರೆ ಮಧುಮೇಹವೆನ್ನುತ್ತಾರೆ. 70ಕ್ಕಿಂತ ಇಳಿದರೆ ಹೈಪೋಗ್ಲೈಸೀಮಿಯ.

ನಮ್ಮ ರಾಜ್ಯದ ಅನೇಕ ಮನೆಗಳಲ್ಲಿ ಮೊದಲು ಪ್ರವೇಶಿಸುವ ಆರೋಗ್ಯ ದಾಖಲೆ ಗರ್ಭಿಣಿಯರ ತಾಯಿ ಕಾರ್ಡ್. ಅದರಲ್ಲಿ ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸಿ ಹೆರಿಗೆಯ ನಿರೀಕ್ಷಿತ ದಿನವನ್ನು ಬರೆಯುತ್ತಾರೆ. ಗರ್ಭಿಣಿಯ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆಯೆಂದು ಪರಿಗಣಿಸುತ್ತಾರೆ. ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಗರ್ಭಿಣಿಯಾಗಿದ್ದರೆ, ಆ ಒಂದು ಅಂಕಿಯನ್ನು ಓದಿ ಹೇಳುವುದು ಶಾಲೆಗೆ ಹೋಗುವ ಹುಡುಗ ಹುಡುಗಿಯರಿಗೆ ಅಸಾಧ್ಯವಲ್ಲ. ಹೀಗಿದ್ದರೂ ಅಂಕಿಯನ್ನು ಓದುವುದು ಬೇರೆ, ಚಿಕಿತ್ಸೆ ನಿರ್ಧರಿಸುವುದು ಬೇರೆ. ಎರಡನೆಯದು ವೈದ್ಯರ ಕಾರ್ಯ.

ಹಕ್ಕು ಮತ್ತು ಕರ್ತವ್ಯ

ದಾಖಲೆಯನ್ನು ಕೇಳಿ ಪಡೆಯುವುದು ಭಿಕ್ಷೆಯಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿನಿಯಮಗಳಲ್ಲಿ, ವೈದ್ಯರು ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಕಾಯ್ದಿಡಬೇಕೆಂದೂ, ರೋಗಿ ಅಥವಾ ಅಧಿಕೃತ ಸಹಾಯಕರು ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕೆಂದೂ ವಿಧಿಸಲಾಗಿದೆ. 2016ರ ತಿದ್ದುಪಡಿಯು ಔಷಧದ ಮೂಲನಾಮವನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಹೇಳಿತು. ಮೂಲನಾಮ ತಿಳಿದಿದ್ದರೆ, ಎರಡು ವ್ಯಾಪಾರನಾಮಗಳ ಹಿಂದೆ ಅಡಗಿರುವ ಒಂದೇ ಔಷಧವನ್ನು ಸಾಮಾನ್ಯನೂ ಗುರುತಿಸಬಲ್ಲನು.

ಹಕ್ಕಿನ ಜೊತೆಗೆ ಕರ್ತವ್ಯವೂ ಇದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯ ಹಿರಿಯರಿಗಾಗಿ ಒಂದು ನೂರು ಪುಟದ ನೋಟ್‌ಪುಸ್ತಕವನ್ನು ಮೀಸಲಿಡಲಿ. ಮೊದಲ ಪುಟದಲ್ಲಿ ಹೆಸರು, ವಯಸ್ಸು, ರಕ್ತದ ಗುಂಪು, ದೀರ್ಘಕಾಲದ ಕಾಯಿಲೆಗಳು, ಹಾಗೂ ಕೆಂಪು ಶಾಯಿಯಲ್ಲಿ ಮೈಗೆ ಒಗ್ಗದ ಔಷಧಗಳು. ಎರಡನೆಯ ಪುಟದಲ್ಲಿ ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಮೂಲನಾಮ, ಪ್ರಮಾಣ, ವೇಳೆ. ನಿಲ್ಲಿಸಿದ ಔಷಧಕ್ಕೆ ಅಡ್ಡಗೆರೆ ಮತ್ತು ದಿನಾಂಕ. ಉಳಿದ ಪುಟಗಳಲ್ಲಿ ಆಸ್ಪತ್ರೆಗೆ ಹೋದ ದಿನದ ವಿವರ. ಅರ್ಥವಾಗದ ಪದವಿದ್ದರೆ ವೈದ್ಯರನ್ನೋ ದಾದಿಯರನ್ನೋ ಊರಿನ ಆಶಾ ಕಾರ್ಯಕರ್ತೆಯನ್ನೋ ವಿನಯದಿಂದ ಕೇಳಬೇಕು. ಕೇಳುವುದರಲ್ಲಿ ಅವಮಾನವಿಲ್ಲ.

ನನ್ನ ತಾಯಿಯವರು ಅನಂತರ ಹಲವು ವರ್ಷ ನಮ್ಮೊಂದಿಗಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಆಸ್ಪತ್ರೆಗೆ ಹೊರಡುವಾಗಲೆಲ್ಲ ಆ ನೋಟ್‌ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು, "ಇದನ್ನು ಓದಿ ಹೇಳು" ಎಂದು ನನ್ನ ಕೈಗೆ ಕೊಡುತ್ತಿದ್ದರು. ಅಂಥ ತಾಯಿ, ಅಜ್ಜಿ, ಅಜ್ಜಂದಿರು ನಿಮ್ಮ ಮನೆಗಳಲ್ಲಿಯೂ ಇದ್ದಾರೆ. ಅವರು ನಿಮ್ಮನ್ನು ಶಾಲೆಗೆ ಕಳುಹಿಸಿದ್ದಕ್ಕೆ ನೀವು ಸಲ್ಲಿಸಬಹುದಾದ ಮೊದಲ ಫಲ, ಅವರ ಚೀಟಿಯನ್ನು ಓದಿ ಹೇಳುವುದೇ ಆಗಲಿ.