ಚುಕ್ಕೆ ನೋಡಿ ಚಿಹ್ನೆ ಹಾಕಿ: ಟ್ರಾನ್ಸ್‌ಫಾರ್ಮರ್ ಲೆಕ್ಕ ಗೆಲ್ಲುವ ಸೂತ್ರಗಳು

ಸರ್ಕ್ಯೂಟ್ ಅನಾಲಿಸಿಸ್ ಪೇಪರಿನಲ್ಲಿ ಓಮ್, ಕಿರ್ಚಾಫ್, ಥೆವೆನಿನ್ ತನಕ ಸಲೀಸಾಗಿ ಓಡುವ ಪೆನ್ನು, ಎರಡು ಸುರುಳಿಗಳ ನಡುವೆ ‘ಎಂ’ ಎಂದು ಬರೆದ ಬಾಗಿದ ಬಾಣ ಕಂಡ ಕೂಡಲೇ ತಡವರಿಸುತ್ತದೆ. ಗಣಿತವೇನೂ ಕಷ್ಟದ್ದಲ್ಲ. ಪ್ಲಸ್ಸೋ ಮೈನಸ್ಸೋ ಎಂಬ ಅನುಮಾನವೇ ಅರ್ಧ ಅಂಕ ನುಂಗಿಹಾಕುತ್ತದೆ. ಆದರೆ ಈ ಅಧ್ಯಾಯಕ್ಕೆ ಒಂದು ದೊಡ್ಡ ಅನುಕೂಲವಿದೆ: ಇಲ್ಲಿನ ಬಹುತೇಕ ಉತ್ತರಗಳಿಗೆ ಎರಡು ದಾರಿಗಳಿವೆ. ಒಂದರಲ್ಲಿ ಹೋಗಿ, ಇನ್ನೊಂದರಲ್ಲಿ ತಾಳೆ ನೋಡುವ ಅಭ್ಯಾಸವಿದ್ದವರು ಎಡವುವುದು ಅಪರೂಪ. ಡಿಪ್ಲೊಮಾ, ಬಿ.ಇ. ವಿದ್ಯಾರ್ಥಿಗಳಿಗಾಗಿ ಬರೆದಿರುವ ಈ ಸೂತ್ರಗಳಲ್ಲಿ ಒಂದೇ ಜೋಡಿ ಸುರುಳಿಯನ್ನು ಮತ್ತೆ ಮತ್ತೆ ಕರೆಯುತ್ತೇನೆ: ಎಲ್1 = 8, ಎಲ್2 = 2, ಎಂ = 3, ಎಲ್ಲವೂ ಮಿಲಿಹೆನ್ರಿಯಲ್ಲಿ. ಕಾಗದದ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ.

1. ಬದಲಾವಣೆ ಎಲ್ಲಿದೆ ಎಂದು ಮೊದಲು ಕೇಳಿ

1831ರ ಆಗಸ್ಟ್ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕಲ್ ಫ್ಯಾರಡೆ ಕಬ್ಬಿಣದ ಉಂಗುರದ ಎರಡು ಬದಿಗೆ ತಂತಿ ಸುತ್ತಿ, ಒಂದು ಸುರುಳಿಗೆ ಬ್ಯಾಟರಿ ಕೊಟ್ಟರು. ಇನ್ನೊಂದರ ಕಡೆಯ ಕಾಂತಸೂಜಿ ಬ್ಯಾಟರಿ ಕೊಟ್ಟಾಗೊಮ್ಮೆ, ತೆಗೆದಾಗೊಮ್ಮೆ ಅಲುಗಿತು. ನಡುವೆ ಕರೆಂಟ್ ಹರಿಯುತ್ತಲೇ ಇದ್ದರೂ ಸೂಜಿ ಕದಲಲಿಲ್ಲ. ಇಡೀ ಅಧ್ಯಾಯ ನಿಂತಿರುವುದು ಇದರ ಮೇಲೆ: ಎರಡನೇ ಸುರುಳಿಯ ವೋಲ್ಟೇಜ್ ಎಂದರೆ ಎಂ ಗುಣಿಸು ಮೊದಲ ಸುರುಳಿಯ ಕರೆಂಟ್ ಬದಲಾಗುವ ದರ. ಹಾಗಾಗಿ ಡಿಸಿ ಸ್ಥಿರ ಸ್ಥಿತಿಯ ಪ್ರಶ್ನೆಯಲ್ಲಿ ಎಂ ಅನ್ನು ಧೈರ್ಯವಾಗಿ ಬದಿಗಿಡಿ. ಸುರುಳಿ ಅಲ್ಲಿ ಬರೀ ತಂತಿ. ಸ್ವಿಚ್ ಹಾಕಿದ ಕ್ಷಣ, ತೆಗೆದ ಕ್ಷಣ ಎಂದಿದ್ದರೆ ಮಾತ್ರ ಅದನ್ನು ಮತ್ತೆ ಒಳಗೆ ತನ್ನಿ.

2. ಮೊದಲು ಚುಕ್ಕೆ, ಆಮೇಲೆ ಬಾಣ, ಕೊನೆಗೆ ಸಮೀಕರಣ

ಈ ಕ್ರಮ ತಪ್ಪಿಸಬೇಡಿ. ಕೊಟ್ಟಿರುವ ಚುಕ್ಕೆಗಳನ್ನು ಕೆಂಪು ಶಾಯಿಯಲ್ಲಿ ಗುಂಡಗೆ ಗುರುತು ಮಾಡಿ. ನಿಮಗೆ ಬೇಕಾದ ದಿಕ್ಕಿನಲ್ಲಿ ಕರೆಂಟಿನ ಬಾಣ ಹಾಕಿ. ಎರಡೂ ಕರೆಂಟು ಚುಕ್ಕೆಯ ತುದಿಯಿಂದ ಒಳಹೊಕ್ಕರೆ, ಅಥವಾ ಎರಡೂ ಚುಕ್ಕೆಯ ತುದಿಯಿಂದ ಹೊರಬಂದರೆ, ಎಂ ಪದಕ್ಕೆ ಆ ಸುರುಳಿಯ ಎಲ್ ಪದದ ಚಿಹ್ನೆಯೇ. ಒಂದು ಒಳಕ್ಕೆ, ಇನ್ನೊಂದು ಹೊರಕ್ಕೆ ಎಂದಾದರೆ ವಿರುದ್ಧ ಚಿಹ್ನೆ. ನಿಯಮ ಇಷ್ಟೇ.

ಇಷ್ಟಾದರೂ ಗೊಂದಲವಾಗುತ್ತಿದ್ದರೆ ಇನ್ನೊಂದು ವಿಧಾನವಿದೆ. ಪ್ರತಿ ಸುರುಳಿಯ ಜೊತೆಗೆ ಸರಣಿಯಲ್ಲಿ ಒಂದು ಡಿಪೆಂಡೆಂಟ್ ವೋಲ್ಟೇಜ್ ಸೋರ್ಸ್ ಬರೆಯಿರಿ. ಆಚೆ ಸುರುಳಿಯ ಕರೆಂಟು ಅಲ್ಲಿನ ಚುಕ್ಕೆಗೆ ಒಳಹೊಕ್ಕರೆ ಈಚೆ ಸೋರ್ಸಿನ ಪ್ಲಸ್ ತುದಿ ಈಚೆ ಚುಕ್ಕೆಯ ಕಡೆಗೆ. ಹೊರಬಂದರೆ ಮೈನಸ್ ತುದಿ. ಬರೆದಾದ ಮೇಲೆ ಬಾಗಿದ ಬಾಣವನ್ನು ಅಳಿಸಿಬಿಡಿ. ಉಳಿದದ್ದು ನಿಮಗೆ ಚೆನ್ನಾಗಿ ಗೊತ್ತಿರುವ ಕಿರ್ಚಾಫ್. ಮೂರು ಸುರುಳಿ, ಮೂರು ಎಂ ಇರುವ ಪ್ರಶ್ನೆಗೆ ನಾನು ಸೂಚಿಸುವುದು ಈ ದಾರಿಯನ್ನೇ, ಏಕೆಂದರೆ ಇಲ್ಲಿ ಯಾವ ಪದವೂ ಕೈತಪ್ಪುವುದಿಲ್ಲ.

ಒಂದೇ ಲೂಪಿನಲ್ಲಿ ಎರಡೂ ಸುರುಳಿ ಇದ್ದರೆ ಎಂ ಪದ ಎರಡು ಬಾರಿ ಬರುತ್ತದೆ ಎಂಬುದನ್ನು ನೆನಪಿಡಿ. ಮೊದಲನೆಯದು ಎರಡನೆಯದನ್ನು ಕೆಣಕುತ್ತದೆ, ಎರಡನೆಯದು ಮೊದಲನೆಯದನ್ನು.

3. ಚುಕ್ಕೆ ಇಲ್ಲದಿದ್ದರೆ ನೀವೇ ಹಚ್ಚಿ

ಕೈಗೆ ಸಿಗುವ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳ ಮೇಲೆ ಚುಕ್ಕೆ ಇರುವುದು ಕಡಿಮೆ. 230 ವೋಲ್ಟ್‌ನಿಂದ 12 ವೋಲ್ಟ್‌ಗೆ ಇಳಿಸುವ ಒಂದನ್ನು ಮೇಜಿನ ಮೇಲಿಡಿ. ಅದರ 230ರ ಬದಿಗೆ ನೇರ ಮೇನ್ಸ್ ಕೊಡದೆ, ಇನ್ನೊಂದು ಟ್ರಾನ್ಸ್‌ಫಾರ್ಮರಿನಿಂದ ಬರುವ 24 ವೋಲ್ಟ್ ಎಸಿ ಕೊಡಿ. ಸೆಕೆಂಡರಿಯಲ್ಲಿ ಸುಮಾರು 1.25 ವೋಲ್ಟ್ ಬರುತ್ತದೆ. ಈಗ ಪ್ರೈಮರಿಯ ಒಂದು ತುದಿಗೂ ಸೆಕೆಂಡರಿಯ ಒಂದು ತುದಿಗೂ ತಂತಿ ಸೇರಿಸಿ, ಉಳಿದೆರಡು ತುದಿಗಳ ನಡುವೆ ಮೀಟರ್ ಹಿಡಿಯಿರಿ. 22.75ರ ಆಸುಪಾಸು ತೋರಿಸಿದರೆ ಸೇರಿಸಿದ ಎರಡೂ ತುದಿಗಳು ಒಂದೇ ಜಾತಿಯವು. ಎರಡಕ್ಕೂ ಚುಕ್ಕೆ ಹಚ್ಚಿ. 25.25 ತೋರಿಸಿದರೆ ಒಂದಕ್ಕೆ ಹಚ್ಚಿ, ಇನ್ನೊಂದು ಸುರುಳಿಯಲ್ಲಿ ಆಚೆ ತುದಿಗೆ ಹಚ್ಚಿ. ಪುಸ್ತಕದಲ್ಲಿ ನಾಲ್ಕು ಸಲ ಓದಿದರೂ ತಲೆಗೆ ಹತ್ತದ ಚುಕ್ಕೆಯ ಅರ್ಥ ಮೀಟರಿನ ಆ ಒಂದು ಅಂಕಿಯಲ್ಲಿ ಹತ್ತುತ್ತದೆ.

ಒಂದು ಎಚ್ಚರಿಕೆ: ಆ 24 ವೋಲ್ಟನ್ನು ಅಪ್ಪಿತಪ್ಪಿಯೂ 12ರ ಬದಿಗೆ ಕೊಡಬೇಡಿ. ಲೆಕ್ಕದ ಪ್ರಕಾರ ಆಚೆ ಬದಿಯಲ್ಲಿ 460 ವೋಲ್ಟ್ ಏಳಬೇಕು. ಕೋರ್ ತುಂಬಿಹೋಗಿ ಅಷ್ಟು ಏಳದಿದ್ದರೂ ಜೀವಕ್ಕೆ ಅಪಾಯ ತಪ್ಪಿದ್ದಲ್ಲ.

4. ಸರಣಿಯಲ್ಲಿ ಎರಡು ಸಲ ಅಳೆಯಿರಿ

ನಮ್ಮ ಜೋಡಿಯನ್ನು ಸರಣಿಯಲ್ಲಿ ಸೇರಿಸಿದಾಗ ಫ್ಲಕ್ಸ್ ಒಂದಕ್ಕೊಂದು ಕೂಡಿದರೆ 8 + 2 + 6 = 16. ಒಂದು ಸುರುಳಿಯ ತುದಿಗಳನ್ನು ಅದಲುಬದಲು ಮಾಡಿದರೆ 8 + 2 − 6 = 4. ವ್ಯತ್ಯಾಸ 12, ನಾಲ್ಕರಿಂದ ಭಾಗಿಸಿದರೆ 3. ಎಂ ಸಿಕ್ಕಿತು. ಎಲ್‌ಸಿಆರ್ ಮೀಟರ್ ಇರುವ ಯಾವ ಲ್ಯಾಬಿನಲ್ಲೂ ಐದು ನಿಮಿಷದ ಕೆಲಸ.

5. ಕೆ ಒಂದನ್ನು ದಾಟಿದರೆ ಅಲ್ಲೇ ನಿಲ್ಲಿ

ಎಂ ಅನ್ನು ಎಲ್1, ಎಲ್2 ಗುಣಲಬ್ಧದ ವರ್ಗಮೂಲದಿಂದ ಭಾಗಿಸಿದರೆ ಸಿಗುವುದು ಕೆ, ಅಂದರೆ ಕಪ್ಲಿಂಗ್ ಎಷ್ಟು ಬಿಗಿ ಎಂಬುದರ ಅಳತೆ. ನಮ್ಮ ಜೋಡಿಗೆ 3 ÷ 4 = 0.75. ಇದು 1 ಮೀರುವಂತಿಲ್ಲ ಎಂದು ಬಾಯಿಪಾಠ ಮಾಡಿದರೆ ಸಾಲದು, ಏಕೆ ಎಂದು ಒಮ್ಮೆ ಕೈಯಾರೆ ನೋಡಿ. ಎಂ 5 ಎಂದು ತಪ್ಪಾಗಿ ಬಂದಿದೆ ಅಂದುಕೊಳ್ಳಿ. ಮೊದಲ ಸುರುಳಿಯಲ್ಲಿ 1 ಆಂಪಿಯರ್, ಎರಡನೆಯದರಲ್ಲಿ ಮೈನಸ್ 2 ಆಂಪಿಯರ್ ಹರಿಸಿ. ಶೇಖರವಾದ ಶಕ್ತಿ, ಮಿಲಿಜೂಲ್‌ನಲ್ಲಿ, 4 + 4 − 10 = −2. ಖಾಲಿ ಸುರುಳಿಗಿಂತಲೂ ಕಡಿಮೆ ಶಕ್ತಿ! ಕೊಡದೆಯೇ ಪಡೆಯುವ ಯಂತ್ರ ಇರಲು ಸಾಧ್ಯವಿಲ್ಲ. ಎಂ 4 ಆದಾಗ ಅದು ಸರಿಯಾಗಿ ಸೊನ್ನೆಗೆ ಬಂದು ನಿಲ್ಲುತ್ತದೆ, ಗಡಿ ಅದೇ. ಪರೀಕ್ಷೆಯಲ್ಲಿ ಕೆ 1.2 ಬಂತೆಂದರೆ ಹಿಂದಿನ ಸಾಲಿನಲ್ಲಿ ತಪ್ಪಿದೆ, ಮುಂದೆ ಬರೆಯುವುದೆಲ್ಲ ವ್ಯರ್ಥ.

6. ಸೆಕೆಂಡರಿಯನ್ನು ಪ್ರೈಮರಿಯ ಮನೆಗೆ ಕರೆತನ್ನಿ

ಎರಡು ಸಮೀಕರಣ ಬಿಡಿಸುವ ಬದಲು ರಿಫ್ಲೆಕ್ಟೆಡ್ ಇಂಪೀಡೆನ್ಸ್ ಬಳಸಿ: ಒಮೆಗಾ ಗುಣಿಸು ಎಂ, ಅದರ ವರ್ಗ, ಭಾಗಿಸು ಸೆಕೆಂಡರಿ ಲೂಪಿನ ಒಟ್ಟು ಇಂಪೀಡೆನ್ಸ್. ‘ಒಟ್ಟು’ ಎಂಬ ಮಾತಿಗೆ ಅಡಿಗೆರೆ ಎಳೆಯಿರಿ. ಲೋಡ್ ಒಂದನ್ನೇ ಹಾಕಿ ಎಲ್2 ಮರೆಯುವವರೇ ಹೆಚ್ಚು. ಇಲ್ಲಿ ಎಂ ವರ್ಗವಾಗುವುದರಿಂದ ಚುಕ್ಕೆ ಎತ್ತ ಇದ್ದರೂ ಉತ್ತರ ಬದಲಾಗದು. ಆಚೆ ಇಂಡಕ್ಟಿವ್ ಆಗಿದ್ದದ್ದು ಈಚೆಗೆ ಕೆಪಾಸಿಟಿವ್ ಆಗಿ ಕಾಣುತ್ತದೆ, ಅದರಿಂದ ಗಾಬರಿಯಾಗಬೇಡಿ.

ನಮ್ಮ ಜೋಡಿಯ ಸೆಕೆಂಡರಿಯನ್ನು ಶಾರ್ಟ್ ಮಾಡಿದರೆ ಪ್ರೈಮರಿಗೆ ಕಾಣುವ ಇಂಡಕ್ಟೆನ್ಸ್ 8 − 9/2 = 3.5 ಮಿಲಿಹೆನ್ರಿ. ಈ 3.5 ನೆನಪಿರಲಿ.

7. ಮೈನಸ್ ಇಂಡಕ್ಟರ್ ಕಂಡು ಹೆದರಬೇಡಿ

ಎರಡು ಸುರುಳಿಗೂ ಒಂದು ತುದಿ ಸಾಮಾನ್ಯವಾಗಿದ್ದರೆ ಟಿ ಆಕಾರದ ಸಮಾನ ಸರ್ಕ್ಯೂಟ್ ಬರೆಯಬಹುದು: ಎಡಗೈ ಎಲ್1 − ಎಂ, ಬಲಗೈ ಎಲ್2 − ಎಂ, ಕೆಳಗಿನ ಕಾಲು ಎಂ. ನಮ್ಮ ಜೋಡಿಗೆ ಅವು 5, −1, 3. ಮೈನಸ್ 1 ಮಿಲಿಹೆನ್ರಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ನಿಜ. ಆದರೆ ಅದು ಲೆಕ್ಕದ ಅನುಕೂಲಕ್ಕೆ ಬಂದದ್ದು, ಇಡೀ ಸರ್ಕ್ಯೂಟಿನ ವರ್ತನೆ ಸರಿಯಾಗಿಯೇ ಇರುತ್ತದೆ. ತಾಳೆ ನೋಡಿ. ಬಲತುದಿ ಶಾರ್ಟ್ ಮಾಡಿದರೆ 3 ಮತ್ತು −1 ಸಮಾಂತರ: −3 ಭಾಗಿಸು 2, ಅಂದರೆ −1.5. ಅದಕ್ಕೆ 5 ಕೂಡಿಸಿದರೆ 3.5. ಹಿಂದಿನ ಸೂತ್ರದಲ್ಲಿ ಬಂದದ್ದೇ. ಎಲ್1 ಅನ್ನು 1 ಮೈನಸ್ ಕೆ ವರ್ಗದಿಂದ ಗುಣಿಸಿ ನೋಡಿ: 8 × 0.4375, ಮತ್ತೆ 3.5. ಮೂರು ದಾರಿ, ಒಂದೇ ಊರು.

ಚುಕ್ಕೆಗಳು ಎದುರುಬದುರಾಗಿದ್ದರೆ ಟಿ ಸರ್ಕ್ಯೂಟಿನ ಎಲ್ಲ ಕಡೆ ಎಂ ಚಿಹ್ನೆ ತಿರುಗಿಸಿ.

8. ಐಡಿಯಲ್ ಎನ್ನುವ ಮುನ್ನ ಎರಡು ಷರತ್ತು ಕೇಳಿ

ಕೆ ಒಂದಕ್ಕೆ ತೀರಾ ಹತ್ತಿರ ಇದೆಯೇ? ಸುರುಳಿಯ ರಿಯಾಕ್ಟೆನ್ಸ್ ಲೋಡಿಗಿಂತ ಬಹಳ ದೊಡ್ಡದೇ? ಎರಡಕ್ಕೂ ಹೌದು ಎಂದರೆ ಮಾತ್ರ ಸುತ್ತುಗಳ ಅನುಪಾತದ ಸರಳ ಲೆಕ್ಕ ನಡೆಯುತ್ತದೆ. ವೋಲ್ಟೇಜ್ ಅನುಪಾತದಷ್ಟು, ಕರೆಂಟ್ ಅದರ ತಲೆಕೆಳಗು, ಇಂಪೀಡೆನ್ಸ್ ಅನುಪಾತದ ವರ್ಗದಷ್ಟು. ಹಳೇ ವಾಲ್ವ್ ಆಂಪ್ಲಿಫೈಯರ್‌ನಲ್ಲಿ 3200 ಓಮ್ ಬೇಡುವ ವಾಲ್ವಿಗೆ 8 ಓಮ್ ಸ್ಪೀಕರ್ ಜೋಡಿಸಲು ಬೇಕಾದ ಅನುಪಾತ 20; ಏಕೆಂದರೆ 3200 ÷ 8 = 400. ಗುಣಿಸಬೇಕೋ ಭಾಗಿಸಬೇಕೋ ಎಂಬ ಅನುಮಾನ ಬಂದರೆ, ಹೆಚ್ಚು ವೋಲ್ಟೇಜಿನ ಬದಿಗೆ ಹೆಚ್ಚು ಓಮ್ ಎಂದುಕೊಳ್ಳಿ. ಎಂದೂ ತಪ್ಪದು.

ಕರೆಂಟ್ ಇಳಿದರೆ ಏನು ಲಾಭ ಎಂಬುದಕ್ಕೆ ನಮ್ಮ ನಾಡಿನ ಚರಿತ್ರೆಯೇ ಉತ್ತರ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿದದ್ದು ವೋಲ್ಟೇಜ್ ಏರಿಸಿದ್ದರಿಂದ. ತಂತಿಯ ನಷ್ಟ ಕರೆಂಟಿನ ವರ್ಗದಂತೆ ಬೆಳೆಯುತ್ತದೆ. ವೋಲ್ಟೇಜ್ ಹತ್ತು ಪಟ್ಟು ಏರಿಸಿದರೆ ಅದೇ ತಂತಿಯಲ್ಲಿ ನಷ್ಟ ನೂರನೇ ಒಂದು ಪಾಲು.

9. ಒಂದು ವೋಲ್ಟಿಗೆ ಎಷ್ಟು ಸುತ್ತು ಎಂದು ಲೆಕ್ಕ ಹಾಕಿ

ವೋಲ್ಟೇಜ್ = 4.44 × ಫ್ರೀಕ್ವೆನ್ಸಿ × ಸುತ್ತು × ಗರಿಷ್ಠ ಫ್ಲಕ್ಸ್. ಕೋರಿನ ಅಡ್ಡಕೊಯ್ತ 10 ಚದರ ಸೆಂಟಿಮೀಟರ್, ಫ್ಲಕ್ಸ್ ಸಾಂದ್ರತೆ 1.2 ಟೆಸ್ಲಾ ಎಂದರೆ ಫ್ಲಕ್ಸ್ 1.2 ಮಿಲಿವೆಬರ್. 230 ವೋಲ್ಟ್, 50 ಹರ್ಟ್ಸ್‌ಗೆ ಸುಮಾರು 863 ಸುತ್ತು, ಅಂದರೆ ವೋಲ್ಟಿಗೆ 3.75. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಾಬಿನ್, ಸ್ಟ್ಯಾಂಪಿಂಗ್, ಎನಾಮಲ್ ತಂತಿ ಕೊಂಡು ಒಂದನ್ನು ನೀವೇ ಸುತ್ತಿ ನೋಡಿ. 12 ವೋಲ್ಟಿಗೆ 45 ಸುತ್ತು. ಲೋಡ್ ಹಾಕಿದಾಗ ಇಳಿಯುವುದನ್ನು ತುಂಬಲು ಒಂದೆರಡು ಹೆಚ್ಚು.

ಇದೇ ಸೂತ್ರ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಅಮೆರಿಕದಿಂದ ಮರಳಿದವರು ತಂದ 120 ವೋಲ್ಟ್, 60 ಹರ್ಟ್ಸ್‌ನ ಟ್ರಾನ್ಸ್‌ಫಾರ್ಮರ್ ಇರುವ ಸಾಮಾನನ್ನು ಇಲ್ಲಿ ವೋಲ್ಟೇಜ್ ಇಳಿಸಿ ಓಡಿಸಿದರೂ ಫ್ರೀಕ್ವೆನ್ಸಿ 50 ಆಗಿಯೇ ಉಳಿಯುತ್ತದೆ. ಕೋರಿನ ಫ್ಲಕ್ಸ್ ಶೇ. 20 ಏರುತ್ತದೆ. ಬಿಗಿಯಾಗಿ ವಿನ್ಯಾಸ ಮಾಡಿದ ಕೋರಾದರೆ ಅಷ್ಟಕ್ಕೇ ಬಿಸಿಯೇರಿ ಗುಂಯ್‌ಗುಡುತ್ತದೆ.

10. ಓಸಿ ಟೆಸ್ಟ್ ಎತ್ತ, ಎಸ್‌ಸಿ ಟೆಸ್ಟ್ ಎತ್ತ ಎಂದು ಬರೆದಿಡಿ

ಓಪನ್ ಸರ್ಕ್ಯೂಟ್ ಟೆಸ್ಟನ್ನು ಸಾಮಾನ್ಯವಾಗಿ ಕಡಿಮೆ ವೋಲ್ಟೇಜಿನ ಬದಿಯಿಂದ, ಶಾರ್ಟ್ ಸರ್ಕ್ಯೂಟ್ ಟೆಸ್ಟನ್ನು ಹೆಚ್ಚು ವೋಲ್ಟೇಜಿನ ಬದಿಯಿಂದ ಮಾಡುತ್ತೇವೆ. ಮೊದಲನೆಯದು ಕಬ್ಬಿಣದ ನಷ್ಟ, ಎರಡನೆಯದು ತಾಮ್ರದ ನಷ್ಟ. ಎರಡೂ ಬದಿಯ ಅಂಕಿಗಳನ್ನು ಪರಿವರ್ತಿಸದೆ ಒಂದೇ ಚಿತ್ರದಲ್ಲಿ ಸುರಿದರೆ ಇಡೀ ಲೆಕ್ಕ ಕೆಡುತ್ತದೆ. ಯಾವ ಬದಿ ಎಂದು ಪ್ರತಿ ಅಂಕಿಯ ಪಕ್ಕದಲ್ಲೇ ಬರೆಯಿರಿ.

ಕಬ್ಬಿಣದ ನಷ್ಟ 260 ವ್ಯಾಟ್, ಫುಲ್ ಲೋಡ್ ತಾಮ್ರದ ನಷ್ಟ 1760 ವ್ಯಾಟ್ ಇರುವ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. ಇವೆರಡರ ಅನುಪಾತದ ವರ್ಗಮೂಲ 0.38, ಶೇ. 38 ಲೋಡಿನಲ್ಲಿ ಅದರ ದಕ್ಷತೆ ಗರಿಷ್ಠ. ಊರಿನ ಟಿಸಿ, ಅಂದರೆ ವಿತರಣಾ ಟ್ರಾನ್ಸ್‌ಫಾರ್ಮರ್, ದಿನದ ಬಹುಪಾಲು ಅರೆಲೋಡಿನಲ್ಲೇ ಇರುವುದರಿಂದ ಇದು ಬೇಕೆಂದೇ ಮಾಡಿದ ವಿನ್ಯಾಸ. ಯಾರೂ ಒಂದು ದೀಪ ಹಚ್ಚದಿದ್ದರೂ ಆ 260 ವ್ಯಾಟ್ ಉರಿಯುತ್ತಲೇ ಇರುತ್ತದೆ: ದಿನಕ್ಕೆ 6.24 ಯೂನಿಟ್.

11. ಟಿಸಿಯ ನಾಮಫಲಕದಲ್ಲಿ ಮೂರು ಸಂಗತಿ ಹುಡುಕಿ

100 ಕೆವಿಎ, 11,000/433 ವೋಲ್ಟ್, ಡಿವೈಎನ್11. ಸುತ್ತುಗಳ ಅನುಪಾತ ಎಷ್ಟು? 11,000ವನ್ನು 433ರಿಂದ ಭಾಗಿಸಿ 25.4 ಎಂದರೆ ತಪ್ಪು. ಮೇಲ್ಬದಿ ಡೆಲ್ಟಾ, ಕೆಳಬದಿ ಸ್ಟಾರ್. ಸ್ಟಾರ್‌ನಲ್ಲಿ ಒಂದು ಸುರುಳಿಗೆ ಬೀಳುವುದು 250 ವೋಲ್ಟ್, ಆದ್ದರಿಂದ ಅನುಪಾತ 44. ಕೊನೆಯ 11 ಎಂಬುದು ಗಡಿಯಾರದ ಹನ್ನೊಂದು ಗಂಟೆ: ಕೆಳಬದಿ 30 ಡಿಗ್ರಿ ಮುಂದಿದೆ ಎಂದರ್ಥ. ಕೆಳಬದಿಯ ಫುಲ್ ಲೋಡ್ ಕರೆಂಟ್ 133 ಆಂಪಿಯರ್, ಮೇಲ್ಬದಿಯದು ಬರೀ 5.25. ಶೇಕಡಾ ಇಂಪೀಡೆನ್ಸ್ 4.5 ಎಂದಿದ್ದರೆ ಟರ್ಮಿನಲ್ಲಿನಲ್ಲೇ ಶಾರ್ಟ್ ಆದಾಗ ನುಗ್ಗುವ ಕರೆಂಟ್ 133 ÷ 0.045, ಅಂದರೆ ಮೂರು ಸಾವಿರ ಆಂಪಿಯರ್‌ಗೆ ಹತ್ತಿರ. ಫ್ಯೂಸ್ ಬದಲು ದಪ್ಪ ತಂತಿ ಬಿಗಿಯುವವರಿಗೆ ಈ ಒಂದು ಭಾಗಾಕಾರ ತೋರಿಸಿ.

12. ಸಿಟಿಯ ಸೆಕೆಂಡರಿಯನ್ನು ಎಂದೂ ಬಿಚ್ಚಿಡಬೇಡಿ

ಕರೆಂಟ್ ಟ್ರಾನ್ಸ್‌ಫಾರ್ಮರ್ ಕೂಡ ಇದೇ ಜಾತಿ. ಆದರೆ ಅದರ ಪ್ರೈಮರಿ ಕರೆಂಟನ್ನು ತೀರ್ಮಾನಿಸುವುದು ಲೈನು, ಸಿಟಿ ಅಲ್ಲ. 200/5 ಸಿಟಿಯಲ್ಲಿ ಸೆಕೆಂಡರಿಯ 5 ಆಂಪಿಯರ್ ಪ್ರೈಮರಿಯ ಫ್ಲಕ್ಸಿಗೆ ಎದುರು ನಿಂತಿರುತ್ತದೆ. ಅದನ್ನು ಬಿಚ್ಚಿದರೆ ಎದುರಾಳಿಯೇ ಇಲ್ಲ: ಲೈನಿನ 200 ಆಂಪಿಯರ್ ಪೂರ್ತಿ ಕೋರನ್ನು ಕಾಂತಗೊಳಿಸಲು ಹೊರಡುತ್ತದೆ. ಕೋರ್ ತುಂಬಿಹೋಗುತ್ತದೆ, ಪ್ರತಿ ಅರ್ಧ ಸೈಕಲ್‌ಗೊಮ್ಮೆ ಫ್ಲಕ್ಸ್ ತಟ್ಟನೆ ತಿರುಗುವಾಗ ತೆರೆದ ತುದಿಗಳಲ್ಲಿ ಕೊಲ್ಲುವಷ್ಟು ವೋಲ್ಟೇಜ್ ಚಿಮ್ಮುತ್ತದೆ. ಮೀಟರ್ ಬಿಚ್ಚುವ ಮೊದಲು ಶಾರ್ಟಿಂಗ್ ಲಿಂಕ್ ಹಾಕಿ, ಬಿಗಿಯಾಗಿದೆಯೇ ಎಂದು ಕೈಯಿಂದ ಎಳೆದು ನೋಡಿ, ಆಮೇಲೆ ಸ್ಕ್ರೂಗೆ ಕೈಹಚ್ಚಿ. ಮೀಟರ್ ಮರಳಿ ಕೂತ ಮೇಲಷ್ಟೇ ಲಿಂಕ್ ತೆಗೆಯಿರಿ.