ಬ್ಲೋವರಿನ ಪುಲ್ಲಿ ಬದಲಾಯಿಸುವ ಮುನ್ನ: ಅಕ್ಕಿ ಗಿರಣಿಗಳಿಗೆ ಕೆಲವು ಲೆಕ್ಕಗಳು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಸೀಮೆಯು ಭತ್ತದ ಸೀಮೆಯಾಯಿತು. ಭತ್ತದ ಹಿಂದೆ ಅಕ್ಕಿ ಗಿರಣಿಗಳು ಬಂದವು. ಗಿರಣಿಗಳ ಹಿಂದೆ ಲೇತ್ ಕೆಲಸದ ಅಂಗಡಿಗಳು, ಮೋಟಾರು ರಿವೈಂಡಿಂಗ್ ಮಾಡುವವರು, ಬೆಲ್ಟ್ ಮತ್ತು ಬೇರಿಂಗ್ ಮಾರುವ ಮಳಿಗೆಗಳು ಬಂದವು. ಇವರೆಲ್ಲರಿಗೂ ಸಂಬಂಧಿಸಿದ, ನೋಡಲು ಅತಿ ಸಣ್ಣದಾದ ಒಂದು ವಿಷಯವನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ. ಅದು ಹೊಟ್ಟು ಎಳೆಯುವ ಬ್ಲೋವರಿನ ಪುಲ್ಲಿ.

ಸುಗ್ಗಿಯ ದಿನಗಳಲ್ಲಿ ಕಟಾವು ಯಂತ್ರದಿಂದ ನೇರವಾಗಿ ಬಂದ ಭತ್ತದಲ್ಲಿ ತೇವಾಂಶ ಹೆಚ್ಚಿರುತ್ತದೆ. ಶೆಲ್ಲರಿನಿಂದ ಹೊರಬಿದ್ದ ಹೊಟ್ಟು ಭಾರವಾಗಿರುವುದರಿಂದ ಬ್ಲೋವರಿಗೆ ಸರಿಯಾಗಿ ಎಳೆಯಲು ಆಗುವುದಿಲ್ಲ. ಅಕ್ಕಿಯೊಡನೆ ಹೊಟ್ಟು ಮುಂದಿನ ಯಂತ್ರಕ್ಕೆ ಹೋಗುತ್ತದೆ. ಆಗ ಗಿರಣಿಯ ಮೇಸ್ತ್ರಿಯು ನೀಡುವ ಸಲಹೆ ಸಾಮಾನ್ಯವಾಗಿ ಒಂದೇ: ಮೋಟಾರಿಗೆ ಒಂದಂಗುಲ ದೊಡ್ಡ ಪುಲ್ಲಿ ಹಾಕಿದರೆ ಗಾಳಿ ಹೆಚ್ಚುತ್ತದೆ. ಈ ಮಾತು ಸುಳ್ಳಲ್ಲ. ಪುಲ್ಲಿಯ ಬೆಲೆಯೂ ಅಲ್ಪವೇ, ಅರ್ಧ ದಿನದ ಕೆಲಸ. ಆದರೆ ಪುಲ್ಲಿಗೆ ಕೊಟ್ಟ ಹಣವು ಆ ನಿರ್ಧಾರದ ಒಟ್ಟು ವೆಚ್ಚದಲ್ಲಿ ಅತಿ ಚಿಕ್ಕ ಭಾಗವೆಂಬುದು ಹಲವರ ಗಮನಕ್ಕೆ ಬಂದಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಏಳೂವರೆ ಅಶ್ವಶಕ್ತಿಯ ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ಮೋಟಾರಿನ ಪುಲ್ಲಿ 5 ಅಂಗುಲ, ಬ್ಲೋವರಿನ ಪುಲ್ಲಿ 6 ಅಂಗುಲ ಇದ್ದರೆ ಬ್ಲೋವರ್ ನಿಮಿಷಕ್ಕೆ 1200 ಸುತ್ತು ತಿರುಗುತ್ತದೆ. ಮೋಟಾರಿಗೂ 6 ಅಂಗುಲದ ಪುಲ್ಲಿ ಹಾಕಿದರೆ ಬ್ಲೋವರಿನ ವೇಗ 1440 ಆಗುತ್ತದೆ, ಅಂದರೆ ಶೇ. 20ರಷ್ಟು ಹೆಚ್ಚಳ. ಗಾಳಿಯೂ ಶೇ. 20ರಷ್ಟು ಹೆಚ್ಚುತ್ತದೆ. ಇಲ್ಲಿಯವರೆಗೆ ಎಲ್ಲರೂ ಲೆಕ್ಕ ಹಾಕುತ್ತಾರೆ. ಆದರೆ ಅಷ್ಟು ಗಾಳಿಯನ್ನು ಅದೇ ಕೊಳವೆಯಲ್ಲಿ ತಳ್ಳಲು ಬೇಕಾಗುವ ಒತ್ತಡವು ವೇಗದ ವರ್ಗದಂತೆ, ಅಂದರೆ ಶೇ. 44ರಷ್ಟು ಏರುತ್ತದೆ. ಗಾಳಿಯ ಪ್ರಮಾಣವೂ ಒತ್ತಡವೂ ಸೇರಿ ಮೋಟಾರಿನ ಮೇಲೆ ಬೀಳುವ ಹೊರೆಯು ವೇಗದ ಘನದಂತೆ ಏರುತ್ತದೆ: 1.2ನ್ನು ಮೂರು ಸಲ ಗುಣಿಸಿದರೆ 1.728. ಮೊದಲು ಐದೂವರೆ ಅಶ್ವಶಕ್ತಿ ತೆಗೆದುಕೊಳ್ಳುತ್ತಿದ್ದ ಬ್ಲೋವರ್ ಈಗ ಒಂಬತ್ತೂವರೆ ಕೇಳುತ್ತದೆ. ಏಳೂವರೆಯ ಮೋಟಾರು ಅದನ್ನು ಎಲ್ಲಿಂದ ತರಬೇಕು?

ಮೋಟಾರು ದೊಡ್ಡದೇ ಇದ್ದು ಹೊರೆಯನ್ನು ತಡೆದುಕೊಂಡಿತೆಂದೇ ಇಟ್ಟುಕೊಳ್ಳೋಣ. ಹೆಚ್ಚಾದ ನಾಲ್ಕು ಅಶ್ವಶಕ್ತಿಯೆಂದರೆ, ಮೋಟಾರಿನೊಳಗಿನ ನಷ್ಟವನ್ನೂ ಸೇರಿಸಿ, ಮೀಟರಿನಲ್ಲಿ ಗಂಟೆಗೆ ಸುಮಾರು ಮೂರೂವರೆ ಯೂನಿಟ್. ದಿನಕ್ಕೆ ಹತ್ತು ಗಂಟೆಯಂತೆ ತಿಂಗಳಲ್ಲಿ ಇಪ್ಪತ್ತೈದು ದಿನ ನಡೆಸಿದರೆ 875 ಯೂನಿಟ್. ತಮ್ಮ ಬಿಲ್ಲಿನ ದರದಿಂದ ಇದನ್ನು ಗುಣಿಸಿ ನೋಡಿದಲ್ಲಿ ಪುಲ್ಲಿಯ ನಿಜವಾದ ಬೆಲೆ ತಿಳಿಯುತ್ತದೆ. ಜೆಸ್ಕಾಂನಿಂದ ಮಂಜೂರಾದ ಲೋಡಿನ ಅಂಚಿನಲ್ಲಿ ನಡೆಯುತ್ತಿರುವ ಗಿರಣಿಯಾದರೆ ದಂಡದ ಬಾಬತ್ತು ಬೇರೆ.

ಇದಕ್ಕೆ ಬದಲಾಗಿ ಮೋಟಾರಿಗೆ ಐದೂವರೆ ಅಂಗುಲದ ಪುಲ್ಲಿ ಹಾಕಿದರೆ ಬ್ಲೋವರ್ 1320 ಸುತ್ತು ತಿರುಗುತ್ತದೆ. ವೇಗದ ಹೆಚ್ಚಳ ಶೇ. 10, ಹೊರೆಯ ಹೆಚ್ಚಳ ಶೇ. 33. ಐದೂವರೆ ಅಶ್ವಶಕ್ತಿ ಸುಮಾರು 7.3 ಆಗುತ್ತದೆ, ತಿಂಗಳಿಗೆ ಹೆಚ್ಚುವರಿ 400 ಯೂನಿಟ್. ಅರ್ಧ ಅಂಗುಲಕ್ಕೂ ಒಂದಂಗುಲಕ್ಕೂ ನಡುವಿನ ವ್ಯತ್ಯಾಸ ಇಷ್ಟು ದೊಡ್ಡದು. ಆದರೂ 7.3 ಎಂಬುದು ಏಳೂವರೆಯ ಮೋಟಾರಿನ ಕತ್ತಿನವರೆಗೆ ಬಂದ ಹೊರೆಯೇ. ಈ ಮೋಟಾರು 415 ವೋಲ್ಟಿನಲ್ಲಿ ಪೂರ್ಣ ಹೊರೆಗೆ ಸುಮಾರು 11 ಆಂಪಿಯರ್ ಎಳೆಯುತ್ತದೆ. ಸಂಜೆಯ ಹೊತ್ತು ವೋಲ್ಟೇಜು 380ಕ್ಕೆ ಇಳಿದರೆ ಅದೇ ಕೆಲಸಕ್ಕೆ ಸುಮಾರು 12 ಆಂಪಿಯರ್ ಬೇಕು. ಆಗ ಸ್ಟಾರ್ಟರಿನ ಓವರ್‌ಲೋಡ್ ರಿಲೇ ಬೀಳುತ್ತದೆ. ಕೆಲಸಗಾರರು ರಿಲೇಯ ಮುಳ್ಳನ್ನು ಮೇಲಕ್ಕೆ ತಿರುಗಿಸಿ ಮತ್ತೆ ಚಾಲೂ ಮಾಡುತ್ತಾರೆ. ಸುಟ್ಟ ಮೋಟಾರುಗಳಲ್ಲಿ ಎಷ್ಟೋ ಸುಡುವುದು ಹೀಗೆಯೇ. ದೂರು ಮಾತ್ರ ರಿವೈಂಡಿಂಗ್ ಮಾಡಿದವನ ಮೇಲೆ.

ಬ್ಲೋವರ್ ಈಗ ಎಷ್ಟು ಹೊರೆ ಎಳೆಯುತ್ತಿದೆ ಎಂಬುದನ್ನು ತಿಳಿಯದೆ ಈ ಲೆಕ್ಕ ಹಾಕಲು ಬರುವುದಿಲ್ಲ. ಅದಕ್ಕೆ ಸುಲಭವಾದ ಉಪಾಯವಿದೆ. ಉಳಿದ ಯಂತ್ರಗಳನ್ನೂ ದೀಪಗಳನ್ನೂ ನಿಲ್ಲಿಸಿ ಬ್ಲೋವರನ್ನು ಮಾತ್ರ ಒಂದು ಗಂಟೆ ನಡೆಸಿ ಮೀಟರು ನೋಡಬೇಕು (ಸಿ.ಟಿ. ಮೀಟರ್ ಇದ್ದಲ್ಲಿ ಗುಣಕ ಸಂಖ್ಯೆಯನ್ನು ಮರೆಯಬಾರದು). 4.8 ಯೂನಿಟ್ ತೋರಿಸಿತೆಂದರೆ, ಮೋಟಾರಿನ ದಕ್ಷತೆ ಶೇ. 85 ಎಂದು ಹಿಡಿದು, ಅದು 4.08 ಕಿಲೋವ್ಯಾಟ್, 0.746ರಿಂದ ಭಾಗಿಸಿದರೆ ಸುಮಾರು ಐದೂವರೆ ಅಶ್ವಶಕ್ತಿ. ಟಂಗ್ ಟೆಸ್ಟರಿನ ಆಂಪಿಯರ್ ಒಂದನ್ನೇ ನಂಬುವುದು ಸರಿಯಲ್ಲ. ಅರೆ ಹೊರೆಯಲ್ಲಿ ಪವರ್ ಫ್ಯಾಕ್ಟರ್ ಇಳಿದಿರುವುದರಿಂದ ಆಂಪಿಯರ್ ಹೊರೆಯನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ.

ಇನ್ನು ಮುಖ್ಯವಾದ ಪ್ರಶ್ನೆ: ಗಾಳಿ ಕಡಿಮೆಯಾದದ್ದು ವೇಗ ಸಾಲದೆಯೇ? ಬಹುಪಾಲು ಗಿರಣಿಗಳಲ್ಲಿ ಅದೇ ಬ್ಲೋವರ್, ಅದೇ ಪುಲ್ಲಿಯಿಂದ ಮೊದಲು ಕೆಲಸ ಸರಿಯಾಗಿಯೇ ನಡೆದಿರುತ್ತದೆ. ಹಾಗಿದ್ದಲ್ಲಿ ಬದಲಾದದ್ದು ಬೇರೇನೋ. ಕೊಳವೆಯ ತಿರುವಿನಲ್ಲಿ ಹೊಟ್ಟು ಕಟ್ಟಿಕೊಂಡಿರಬಹುದು. ಕೊಳವೆಯ ಕೀಲು ಬಿಟ್ಟು ನಡುವೆಯೇ ಗಾಳಿ ಸೋರುತ್ತಿರಬಹುದು. ಸೈಕ್ಲೋನಿನ ಕೆಳಗಿನ ರಬ್ಬರ್ ತುಂಡಾಗಿ ಅಲ್ಲಿಂದ ಕಳ್ಳಗಾಳಿ ಒಳಬರುತ್ತಿರಬಹುದು. ಬೆಲ್ಟ್ ಸವೆದು ಪುಲ್ಲಿಯ ಗಾಡಿಯ ತಳಕ್ಕೆ ಕುಳಿತು ಜಾರುತ್ತಿರಬಹುದು. ಭತ್ತದ ಹೊಟ್ಟಿನಲ್ಲಿ ಮರಳಿನ ಜಾತಿಯ ಸಿಲಿಕಾ ಅಂಶ ವಿಶೇಷವಾಗಿರುವುದರಿಂದ ಬ್ಲೋವರಿನ ಎಲೆಗಳು ಬೇಗ ತೆಳುವಾಗುತ್ತವೆ. ತುದಿ ಸವೆದ ಎಲೆಯು ಎಷ್ಟು ವೇಗವಾಗಿ ತಿರುಗಿದರೂ ಮೊದಲಿನಷ್ಟು ಗಾಳಿ ಕೊಡದು.

ಇವೆಲ್ಲಕ್ಕಿಂತ ಸ್ವಾರಸ್ಯಕರವಾದ ಕಾರಣವೊಂದಿದೆ. ಟ್ರಾನ್ಸ್‌ಫಾರ್ಮರ್ ದುರಸ್ತಿಯಾದ ಮೇಲೆ ಅಥವಾ ಮೋಟಾರು ರಿವೈಂಡಿಂಗ್ ಆಗಿ ಬಂದ ಮೇಲೆ ಎರಡು ಫೇಸುಗಳು ಅದಲುಬದಲಾಗಿ ಮೋಟಾರು ಹಿಂದುಮುಂದಾಗಿ ತಿರುಗತೊಡಗುತ್ತದೆ. ಎಲಿವೇಟರ್ ಆದರೆ ಕೂಡಲೇ ಗೊತ್ತಾಗುತ್ತದೆ. ಆದರೆ ಕೇಂದ್ರಾಪಗಾಮಿ ಬ್ಲೋವರ್ ಹಿಮ್ಮುಖವಾಗಿ ತಿರುಗಿದರೂ ಗಾಳಿಯನ್ನು ಅದೇ ದಿಕ್ಕಿಗೆ ಎಸೆಯುತ್ತದೆ, ಪ್ರಮಾಣ ಮಾತ್ರ ಬಹಳ ಕಡಿಮೆ. ಗಾಳಿ ಬರುತ್ತಿದೆಯಲ್ಲ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಪುಲ್ಲಿಗೆ ಹಣ ಕೊಡುವ ಮೊದಲು ಬ್ಲೋವರಿನ ಮೈಮೇಲಿನ ಬಾಣದ ಗುರುತನ್ನು ನೋಡಲು ಏನೂ ಖರ್ಚಿಲ್ಲ.

ಹಸಿ ಭತ್ತದ ವಿಷಯವಂತೂ ಪುಲ್ಲಿಯಿಂದ ತೀರುವಂಥದ್ದಲ್ಲ. ಶೇ. 14ರ ಆಸುಪಾಸಿಗೆ ಒಣಗದ ಭತ್ತವು ಶೆಲ್ಲರಿನಲ್ಲೂ ಸರಿಯಾಗಿ ಸುಲಿಯದು, ಪಾಲಿಷರಿನಲ್ಲೂ ನುಚ್ಚಾಗುತ್ತದೆ. ಕೆಲವು ವಾರಗಳ ಸುಗ್ಗಿಗೆಂದು ಹಾಕಿದ ದೊಡ್ಡ ಪುಲ್ಲಿಯು ವರ್ಷದ ಉಳಿದ ದಿನಗಳಲ್ಲಿ ಒಣ ಭತ್ತದ ಮೇಲೆ ಓಡುತ್ತದೆ. ಆಗಲೇ ನಿಜವಾದ ನಷ್ಟ. ಗಾಳಿಯ ಸೆಳೆತ ಮಿತಿಮೀರಿದಾಗ ಹೊಟ್ಟಿನೊಡನೆ ಹಗುರವಾದ ಕಾಳುಗಳೂ ನುಚ್ಚೂ ಹೊರಗೆ ಹಾರುತ್ತವೆ. ಹೊಟ್ಟಿನ ರಾಶಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಬಾಯ್ಲರಿಗೋ ಇಟ್ಟಿಗೆ ಭಟ್ಟಿಗೋ ಹೋಗಿ ಬೂದಿಯಾಗುತ್ತದೆ. ಸರ್ಕಾರಕ್ಕೆ ಅಕ್ಕಿ ಒಪ್ಪಿಸುವ ಗಿರಣಿಗಳಿಗೆ ನಿಗದಿಯಾಗಿರುವ ಇಳುವರಿ, ಹಸಿ ಅಕ್ಕಿಗೆ ಕ್ವಿಂಟಾಲ್ ಭತ್ತಕ್ಕೆ 67 ಕಿಲೋ, ಕುಸುಬಲು ಅಕ್ಕಿಗೆ 68 ಕಿಲೋ. ದಿನಕ್ಕೆ ನೂರು ಕ್ವಿಂಟಾಲ್ ನಡೆಸುವ ಗಿರಣಿಯಲ್ಲಿ ಕ್ವಿಂಟಾಲಿಗೆ ಒಂದೇ ಕಿಲೋ ಹೊಟ್ಟಿನ ಪಾಲಾದರೂ ದಿನಕ್ಕೆ ಒಂದು ಕ್ವಿಂಟಾಲ್ ಸೋನಾ ಮಸೂರಿ ಹೋದಂತೆ. ವಿದ್ಯುತ್ ಬಿಲ್ಲಿನ ಹೆಚ್ಚಳವು ಇದರ ಮುಂದೆ ಲೆಕ್ಕಕ್ಕಿಲ್ಲ. ಆದುದರಿಂದ ಪುಲ್ಲಿ ಬದಲಾಯಿಸಿದ ದಿನ ಹೊಟ್ಟಿನ ಬಾಯಿಂದ ಒಂದು ಬುಟ್ಟಿ ಹೊಟ್ಟನ್ನು ತೂಗಿ ತೆಗೆದು ಮೊರದಲ್ಲಿ ಕೇರಿಸಿ, ಉಳಿದ ಕಾಳು ನುಚ್ಚನ್ನು ತೂಗಬೇಕು. ಬದಲಾಯಿಸುವ ಮೊದಲೂ ಹೀಗೆಯೇ ತೂಗಿ ಬರೆದಿಟ್ಟಿದ್ದರೆ ಹೋಲಿಕೆಗೆ ಆಧಾರವಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ವೇಗ ಹೆಚ್ಚಿಸುವುದೇ ಸರಿಯೆಂದು ಕಂಡುಬಂದರೆ, ಯಾವ ಕಡೆಯ ಪುಲ್ಲಿಯನ್ನು ಬದಲಾಯಿಸಬೇಕು? ಬ್ಲೋವರಿನ ಪುಲ್ಲಿಯನ್ನು ಚಿಕ್ಕದು ಮಾಡುವುದಕ್ಕಿಂತ ಮೋಟಾರಿನ ಪುಲ್ಲಿಯನ್ನು ದೊಡ್ಡದು ಮಾಡುವುದು ಮೇಲು. ದೊಡ್ಡ ಪುಲ್ಲಿಯ ಮೇಲೆ ಬೆಲ್ಟ್ ವೇಗವಾಗಿ ಓಡುವುದರಿಂದ ಅಷ್ಟೇ ಶಕ್ತಿಗೆ ಎಳೆತ ಕಡಿಮೆ ಸಾಕು, ಬೇರಿಂಗಿನ ಮೇಲೆ ಭಾರವೂ ಕಡಿಮೆ. ಚಿಕ್ಕ ಪುಲ್ಲಿಯ ಸುತ್ತ ಬೆಲ್ಟ್ ಹೆಚ್ಚು ಬಾಗಿ ಬಿಸಿಯಾಗುತ್ತದೆ. ಬಿ ಸೆಕ್ಷನ್ ಬೆಲ್ಟಿಗೆ 125 ಮಿಲಿಮೀಟರಿಗಿಂತ, ಎ ಸೆಕ್ಷನ್ನಿಗೆ 75 ಮಿಲಿಮೀಟರಿಗಿಂತ ಚಿಕ್ಕ ಪುಲ್ಲಿ ಹಾಕಬಾರದೆಂಬುದು ರೂಢಿಯ ಮಿತಿ. ಈ ಅಳತೆಯು ಬೆಲ್ಟ್ ಕುಳಿತುಕೊಳ್ಳುವ ಜಾಗದ್ದು, ಹೊರಗಿನ ಅಂಚಿನದ್ದಲ್ಲ. ಬಿ ಸೆಕ್ಷನ್ನಿನಲ್ಲಿ ಹೊರ ಅಳತೆಯು ಸುಮಾರು 8 ಮಿಲಿಮೀಟರ್ ಹೆಚ್ಚಿರುತ್ತದೆ. ಲೇತ್ ಅಂಗಡಿಯಲ್ಲಿ ಅಳತೆ ಕೊಡುವಾಗ ಇದನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ಒಂದೇ ಉದ್ದ ಶಾಫ್ಟಿನಿಂದ ಎಲ್ಲ ಯಂತ್ರಗಳೂ ತಿರುಗುವ ಹಳೆಯ ಮಾದರಿಯ ಗಿರಣಿಗಳಲ್ಲಿ ಮಾತ್ರ ಮೋಟಾರಿನ ಪುಲ್ಲಿಯನ್ನು ಮುಟ್ಟಬಾರದು. ಅಲ್ಲಿ ಅದು ಬದಲಾದರೆ ಶೆಲ್ಲರ್, ಪಾಲಿಷರ್, ಎಲಿವೇಟರ್ ಎಲ್ಲದರ ವೇಗವೂ ಕೆಡುತ್ತದೆ.

ಬ್ಲೋವರ್ ತಯಾರಕರು ಸೂಚಿಸಿದ ಗರಿಷ್ಠ ವೇಗವನ್ನು ಮೀರುವುದಂತೂ ಕೂಡದು. ವೇಗ ಶೇ. 20 ಏರಿದರೆ ಎಲೆಗಳನ್ನು ಹೊರಕ್ಕೆ ಕೀಳುವ ಬಲ ಶೇ. 44 ಏರುತ್ತದೆ. ಸವೆದ ಎಲೆಗೆ ತಗಡು ವೆಲ್ಡ್ ಮಾಡಿ ತೂಕ ಸರಿದೂಗಿಸದೆ ಬಿಟ್ಟ ಬ್ಲೋವರುಗಳು ನಮ್ಮಲ್ಲಿ ಕಡಿಮೆಯಿಲ್ಲ. ಅಂಥದ್ದರ ವೇಗ ಹೆಚ್ಚಿಸಿದರೆ ಹಾಳಾಗುವುದು ಬೇರಿಂಗ್ ಮಾತ್ರವಲ್ಲ, ಪಕ್ಕದಲ್ಲಿ ಚೀಲ ಹಿಡಿದು ನಿಂತವರ ಜೀವವೂ ಅಪಾಯದಲ್ಲಿರುತ್ತದೆ. ತಿರುಗುವ ಭಾಗಗಳಿಗೆ ಕಾಪು ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ ಕಾಲದಿಂದಲೂ ಕಾನೂನು ಹೇಳುತ್ತ ಬಂದಿದೆ. ಪುಲ್ಲಿ ಬದಲಾಯಿಸುವಾಗ ಬಿಚ್ಚಿದ ಬೆಲ್ಟಿನ ಕಾಪನ್ನು ಮತ್ತೆ ಹಾಕದಿರುವುದು ನಮ್ಮ ಗಿರಣಿಗಳ ಹಳೆಯ ಚಾಳಿ.

ಮೇಲೆ ಹೇಳಿದ ಘನದ ಲೆಕ್ಕ ಎಲ್ಲ ಬ್ಲೋವರುಗಳಿಗೂ ಅನ್ವಯಿಸುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಅಮೆರಿಕದ ಇಂಡಿಯಾನಾ ರಾಜ್ಯದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಬ್ಲೋವರಿನಲ್ಲಿ ಎರಡು ರೋಟರುಗಳು ಒಂದಕ್ಕೊಂದು ಹೊಂದಿಕೊಂಡು ತಿರುಗುತ್ತ ಗಾಳಿಯನ್ನು ಅಳತೆ ಮಾಡಿದಂತೆ ಮುಂದಕ್ಕೆ ದೂಡುತ್ತವೆ. ಅದರಲ್ಲಿ ಎದುರಿನ ಒತ್ತಡ ಒಂದೇ ಇದ್ದರೆ ಹೊರೆಯು ವೇಗದಷ್ಟೇ ಏರುತ್ತದೆ. ಮುಂದೆ ಇದೇ ಯಂತ್ರವು ಮೋಟಾರು ಕಾರುಗಳ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಆಯಿತು. ಹೊರದೇಶಗಳಲ್ಲಿ ಕಾರಿನ ವೇಗದ ಹುಚ್ಚಿನವರು ಅದಕ್ಕೆ ಚಿಕ್ಕ ಪುಲ್ಲಿ ಹಾಕಿ ಗಾಳಿಯ ಒತ್ತಡ ಹೆಚ್ಚಿಸುತ್ತಾರೆ. ಅಲ್ಲಿಯೂ ಎದುರಾಗುವ ತೊಡಕುಗಳು ನಮ್ಮವೇ: ಚಿಕ್ಕ ಪುಲ್ಲಿಯ ಮೇಲೆ ಬೆಲ್ಟ್ ಜಾರುತ್ತದೆ, ಗಾಳಿ ಬಿಸಿಯಾಗುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಪಂದ್ಯದ ಕಾರಿಗೆ ಒಪ್ಪುವ ಪುಲ್ಲಿ ದಿನನಿತ್ಯ ಕಚೇರಿಗೆ ಹೋಗಿಬರುವ ಕಾರಿಗೆ ಒಪ್ಪುವುದಿಲ್ಲ.

ಶೆಲ್ಲರಿನ ಪುಲ್ಲಿಗಳ ವಿಷಯದಲ್ಲಿ ಒಂದೇ ಮಾತು. ಅದರ ಎರಡು ರಬ್ಬರ್ ರೋಲುಗಳು ಬೇರೆ ಬೇರೆ ವೇಗದಲ್ಲಿ ತಿರುಗುವುದರಿಂದಲೇ ಹೊಟ್ಟು ಸುಲಿಯುತ್ತದೆ. ಆ ಅನುಪಾತವನ್ನು ಕೆಡಿಸಬಾರದು. ರೋಲು ಸವೆದು ಕೆಲಸ ಕುಂದಿದರೆ ರೋಲುಗಳನ್ನು ಅದಲುಬದಲು ಮಾಡಬೇಕು ಅಥವಾ ಹೊಸದು ಹಾಕಬೇಕು.

ಇತ್ತೀಚೆಗೆ ವಿ.ಎಫ್.ಡಿ. ಎಂಬ ಸಾಧನವು ಸಣ್ಣ ಗಿರಣಿಗಳಿಗೂ ಎಟುಕುವಂತಾಗಿದೆ. ಇದರಿಂದ ಪುಲ್ಲಿ ಮುಟ್ಟದೆಯೇ ಬ್ಲೋವರಿನ ವೇಗವನ್ನು ಹಸಿ ಭತ್ತಕ್ಕೆ ಏರಿಸಿ ಒಣ ಭತ್ತಕ್ಕೆ ಇಳಿಸಬಹುದು. ಘನದ ಲೆಕ್ಕವು ಇಳಿಕೆಯಲ್ಲಿಯೂ ನಡೆಯುವುದರಿಂದ ವೇಗವನ್ನು ಶೇ. 10ರಷ್ಟು ತಗ್ಗಿಸಿದರೆ ಹೊರೆ ಶೇ. 27ರಷ್ಟು ತಗ್ಗುತ್ತದೆ. ಆದರೆ 50 ಹರ್ಟ್ಸಿಗಿಂತ ಮೇಲಕ್ಕೆ ಒಯ್ದರೆ ಮೋಟಾರಿನ ತಿರುಗುಬಲ ಕುಂದುತ್ತದೆಂಬುದನ್ನು ನೆನಪಿಡಬೇಕು. ಈ ಸಾಧನಕ್ಕೆ ಹಣ ಹೂಡಲು ಇಷ್ಟವಿಲ್ಲದವರು ಮೋಟಾರಿಗೆ ಎರಡು ಪುಲ್ಲಿಗಳನ್ನು ಇಟ್ಟುಕೊಳ್ಳಬಹುದು. ಸುಗ್ಗಿಗೆ ಐದೂವರೆ, ಉಳಿದ ಕಾಲಕ್ಕೆ ಐದು. ಮೋಟಾರನ್ನು ಹಳಿಯ ಮೇಲೆ ಕೂರಿಸಿದ್ದರೆ ಅದೇ ಬೆಲ್ಟುಗಳನ್ನು ಬಿಗಿ ಮಾಡಿಕೊಳ್ಳಲು ತೊಂದರೆಯಿಲ್ಲ. ಎರಡೂ ಪುಲ್ಲಿಗಳ ಮುಖಕ್ಕೆ ದಾರ ಹಿಡಿದು ನೇರ ನೋಡಬೇಕು. ಬೆಲ್ಟುಗಳಲ್ಲಿ ಒಂದು ತುಂಡಾದರೆ ಇಡೀ ಜೊತೆಯನ್ನೇ ಬದಲಾಯಿಸಬೇಕು. ಹೊಸ ಬೆಲ್ಟ್ ಒಂದು ದಿನ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ತೆಗೆದಿಟ್ಟ ಪುಲ್ಲಿಯ ಮೇಲೆ ಅಳತೆಯನ್ನೂ ಅದರೊಡನೆ ಮೋಟಾರು ಎಳೆದ ಆಂಪಿಯರನ್ನೂ ಪಂಚ್ ಮಾಡಿಸಿ, ಗ್ರೀಸ್ ಸವರಿ, ಕೀಲಿಯೊಡನೆ ಸ್ಟಾರ್ಟರ್ ಪೆಟ್ಟಿಗೆಯ ಬಳಿಯೇ ತೂಗುಹಾಕಿದ್ದರೆ ಮುಂದಿನ ಸುಗ್ಗಿಯಲ್ಲಿ ಹುಡುಕಾಟ ತಪ್ಪುತ್ತದೆ.