ಪ್ರೊಸೆಸರಿಗೂ ಮೆಮೊರಿಗೂ ನಡುವಣ ದಾರಿ

ಗೋರೆಗಾಂವ್ ಪೂರ್ವದ ಮನೆಯೊಂದಕ್ಕೆ ಕಾಗದ ಬರೆಯುವಾಗ ನಾವು 400063 ಎಂಬ ಪಿನ್ ಅಂಕೆಯನ್ನೂ ಮನೆಯ ಸಂಖ್ಯೆಯನ್ನೂ ಬರೆಯುತ್ತೇವೆ. ಮೊದಲನೆಯದು ಪ್ರದೇಶವನ್ನು ತೋರಿಸುತ್ತದೆ, ಎರಡನೆಯದು ಬಾಗಿಲನ್ನು. ಕಂಪ್ಯೂಟರಿನ ಚಿಪ್ಪಿನೊಳಗೆ ನಡೆಯುವ ವ್ಯವಹಾರವೂ ಬಹುಮಟ್ಟಿಗೆ ಇಂಥದೇ.

ಚಿಪ್ಪಿನಲ್ಲಿ ಲೆಕ್ಕ ಮಾಡುವ ಭಾಗ ಪ್ರೊಸೆಸರ್. ನೆನಪಿಡುವ ಭಾಗ ಮೆಮೊರಿ. ಇವೆರಡನ್ನೂ ಕೂಡಿಸುವ ತಂತಿಗಳ ಸಮೂಹಕ್ಕೆ 'ಬಸ್' ಎಂದು ಹೆಸರು. ಅದರಲ್ಲಿ ಕೆಲವು ತಂತಿಗಳು ವಿಳಾಸವನ್ನೂ, ಕೆಲವು ದತ್ತಾಂಶವನ್ನೂ, ಉಳಿದವು 'ಓದು', 'ಬರೆ' ಎಂಬ ಆಜ್ಞೆಗಳನ್ನೂ ಒಯ್ಯುತ್ತವೆ.

16 ಕಿಲೋಬೈಟಿನ ಮೆಮೊರಿಯೊಂದನ್ನು 32 ಬಿಟ್ಟಿನ ಬಸ್ಸಿಗೆ ಜೋಡಿಸಬೇಕೆಂದು ಭಾವಿಸೋಣ. 4 ಬೈಟುಗಳಿಗೆ ಒಂದು ಪದವಾದುದರಿಂದ ಅದರಲ್ಲಿ 4,096 ಪದಗಳುಂಟು. 2ನ್ನು 12 ಸಲ ಗುಣಿಸಿದರೆ 4,096 ಆಗುವುದರಿಂದ, ಪದವನ್ನು ಆರಿಸಲು ವಿಳಾಸದ 12 ಬಿಟ್ಟುಗಳು ಸಾಕು. ಅವಕ್ಕಿಂತ ಕೆಳಗಿನ 2 ಬಿಟ್ಟುಗಳು ಪದದೊಳಗಿನ ಬೈಟನ್ನು ಸೂಚಿಸುತ್ತವೆ. ಮೇಲುಳಿದ 18 ಬಿಟ್ಟುಗಳೇ ಇಲ್ಲಿನ ಪಿನ್ ಅಂಕೆ. ಅವನ್ನು ನೋಡಿ, 'ಈ ಕರೆ ನಮ್ಮದೇ' ಎಂದು ನಿರ್ಣಯಿಸುವ ಮಂಡಲವನ್ನು ಡಿಕೋಡರ್ ಎನ್ನುತ್ತಾರೆ. ಅದು 18ರ ಬದಲು 17 ಬಿಟ್ಟುಗಳನ್ನಷ್ಟೇ ನೋಡಿದರೆ, ಬೇರೊಂದು ಭಾಗಕ್ಕೆ ಬರೆಯಬೇಕಾದುದು ಇಲ್ಲಿಯೂ ಬಂದು ಬಿದ್ದು, ಇದ್ದುದನ್ನು ಅಳಿಸೀತು.

ಕಾಲವನ್ನೂ ಗಮನಿಸತಕ್ಕದ್ದು. ಇಂಥ ಮೆಮೊರಿಯು ಸಾಮಾನ್ಯವಾಗಿ ಗಡಿಯಾರದ ಒಂದು ಮಿಡಿತದಲ್ಲಿ ವಿಳಾಸವನ್ನು ಪಡೆದು, ಮರುಮಿಡಿತಕ್ಕೆ ಉತ್ತರವನ್ನು ಸಿದ್ಧಗೊಳಿಸುತ್ತದೆ. ಅಲ್ಲಿಯವರೆಗೆ ಪ್ರೊಸೆಸರ್ ಕಾಯಬೇಕು. 'ಸಿದ್ಧ' ಎಂಬ ಸಂಕೇತ ಬರುವ ಮೊದಲೇ ಅವಸರಪಟ್ಟರೆ ಅದಕ್ಕೆ ದೊರೆಯುವುದು ಹಳೆಯ ಉತ್ತರ.

ನಮ್ಮ ಮುಂಬಯಿಗೆ ಈ ವಿದ್ಯೆ ಹೊಸದಲ್ಲ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ 1960ರಲ್ಲಿ ಕಾರ್ಯಾರಂಭ ಮಾಡಿದ ಟಿಫ್ರಾಕ್ ಯಂತ್ರದಲ್ಲಿ ಫೆರೈಟ್ ಉಂಗುರಗಳ ಮೆಮೊರಿಯಿದ್ದು, ಅದು 40 ಬಿಟ್ಟಿನ 2,048 ಪದಗಳನ್ನು ಹಿಡಿಯುತ್ತಿತ್ತು. ನಮ್ಮ ನೆರೆಯ ಪೊವಾಯಿಯ ಐ.ಐ.ಟಿ.ಯವರು ರೂಪಿಸಿದ 32 ಬಿಟ್ಟಿನ 'ಅಜಿತ್' ಪ್ರೊಸೆಸರ್ 2019ರಲ್ಲಿ ಬೆಳಕಿಗೆ ಬಂದಿತು.

ಟಿಫ್ರಾಕಿನ ಕಾಲದಲ್ಲಿ ತಪ್ಪಾದ ತಂತಿಯನ್ನು ಬಿಚ್ಚಿ ಮತ್ತೆ ಬೆಸೆಯಬಹುದಾಗಿತ್ತು. ಚಿಪ್ಪಿನಲ್ಲಿ ಹಾಗಲ್ಲ, ಒಮ್ಮೆ ಅಚ್ಚಾದ ಮೇಲೆ ತಿದ್ದಲು ಸಾಮಾನ್ಯವಾಗಿ ಹೊಸ ಚಿಪ್ಪನ್ನೇ ಮಾಡಬೇಕು. ಆದುದರಿಂದ ನಿಪುಣರು ಮೊದಲೇ ಪ್ರತಿಯೊಂದು ವಿಳಾಸವನ್ನೂ ಬಗೆಬಗೆಯಾಗಿ ಪರೀಕ್ಷಿಸುತ್ತಾರೆ. ಲೆಕ್ಕವನ್ನು ಒಪ್ಪಿಸುವ ಮುನ್ನ ಮತ್ತೊಮ್ಮೆ ತಾಳೆ ನೋಡುವ ಅಭ್ಯಾಸ ನಮಗೂ ಇರಲಿ. ಟಿಫ್ರಾಕಿನ 2,048 ಪದಗಳಿಗೆ ವಿಳಾಸದ ಎಷ್ಟು ಬಿಟ್ಟುಗಳು ಬೇಕಾದುವೆಂಬ ಲೆಕ್ಕದಿಂದಲೇ ಅದನ್ನು ತೊಡಗೋಣ.